ಕಂಪ್ಯೂಟರಿನೊಳಗೊಂದು ಕೆರೆ: ಹೆತ್ತವರಿಗೆ ಬಹಿರಂಗ ಪತ್ರ

ಹೈಸ್ಕೂಲು ಮಕ್ಕಳ ಅಪ್ಪ-ಅಮ್ಮಂದಿರಿಗೆ, ಮನೆಯಲ್ಲಿರುವ ಅಜ್ಜ-ಅಜ್ಜಿಯರಿಗೆ,



ಹೋದ ತಿಂಗಳ ಪೋಷಕರ ಸಭೆಯಲ್ಲಿ ನಿಮ್ಮಲ್ಲೊಬ್ಬರು ಎದ್ದು ನಿಂತು ಕೇಳಿದರು: “ಮನೇಲಿ ಮೊಬೈಲ್ ಕಿತ್ಕೊಂಡು, ಬೈದು ಸ್ಕೂಲಿಗೆ ಕಳಿಸ್ತೀವಿ. ಇಲ್ಲಿ ನೋಡಿದ್ರೆ ನೀವೇ ಗೇಮ್ ಹಾಕ್ಕೊಡ್ತೀರಂತೆ. ಇದಕ್ಕೇನ್ ಹೇಳೋಣ ಸಾರ್?” ಎಲ್ಲರೂ ನಕ್ಕರು, ನಾನೂ ನಕ್ಕೆ. ಉತ್ತರ ಕೊಡಬೇಕೆನ್ನುವಷ್ಟರಲ್ಲಿ ಡೈರಿಗೆ ಹಾಲು ಹಾಕುವ ಹೊತ್ತಾಗಿತ್ತು. ಅರ್ಧ ಸಭೆ ಎದ್ದು ಹೋಯಿತು. ಅವತ್ತು ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಆ ಪ್ರಶ್ನೆ ನಮ್ಮ ಶಾಲೆಯೊಂದರದ್ದೇ ಅಲ್ಲವಾದ್ದರಿಂದ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನಿಮ್ಮ ಹೆದರಿಕೆ ಸುಳ್ಳಲ್ಲ. 2020ರಲ್ಲಿ ಪಬ್‌ಜಿ ನಿಷೇಧವಾಯಿತು, 2022ರಲ್ಲಿ ಫ್ರೀ ಫೈರ್ ನಿಷೇಧವಾಯಿತು, ಆದರೂ ಹೆಸರು ಬದಲಿಸಿಕೊಂಡ ಅವುಗಳ ಅಣ್ಣತಮ್ಮಂದಿರು ನಮ್ಮೂರ ಅರಳಿಕಟ್ಟೆಯ ಮೇಲೆ ಈಗಲೂ ಕೂತಿದ್ದಾರೆ. ಮೊದಲ ಪೀರಿಯಡ್ಡಿನಲ್ಲೇ ತೂಕಡಿಸುವ ಹುಡುಗನ ಕಣ್ಣು ನೋಡಿದರೆ ರಾತ್ರಿ ಎಷ್ಟು ಗಂಟೆವರೆಗೆ ಆಡಿದ್ದಾನೆಂದು ಹೇಳಬಲ್ಲೆ, ಅಷ್ಟು ಅನುಭವ ನನಗೂ ಆಗಿದೆ. ಹಾಗಾಗಿ ‘ಆಟದಿಂದ ಪಾಠ’ ಎಂದು ಯಾರಾದರೂ ನಿಮ್ಮೆದುರು ಹಲ್ಲು ಕಿರಿದರೆ ನೀವು ಅನುಮಾನ ಪಡುವುದೇ ಸರಿ. ನನ್ನ ಮೇಲೂ ಪಡಿ. ಆದರೆ ನಾವು ಮಾಡಿದ್ದೇನೆಂದು ಪೂರ್ತಿ ಕೇಳಿದ ಮೇಲೆ ಪಡಿ.

ನಮ್ಮ ಕಂಪ್ಯೂಟರ್ ಕೊಠಡಿ ನಿಮಗೆ ಗೊತ್ತು. ಹತ್ತು ಯಂತ್ರಗಳಲ್ಲಿ ಏಳು ನಡೆಯುತ್ತವೆ. ಉಳಿದ ಮೂರರ ಬಿಡಿಭಾಗಗಳು ಈ ಏಳರ ಹೊಟ್ಟೆಯಲ್ಲಿವೆ. ಅವುಗಳಿಗೆ ಲುವಾಂಟಿ ಎಂಬ ತಂತ್ರಾಂಶ ಹಾಕಿದೆವು. ಮೊದಲು ಇದರ ಹೆಸರು ಮೈನ್‌ಟೆಸ್ಟ್ ಎಂದಿತ್ತು, 2024ರಲ್ಲಿ ಬದಲಾಯಿಸಿದರು. ಫಿನ್‌ಲೆಂಡಿನ ಪೆರ್ತು ಅಹೋಲಾ 2010ರಲ್ಲಿ ಶುರುಮಾಡಿದ್ದು, ಈಗ ಜಗತ್ತಿನ ಎಷ್ಟೋ ಜನ ಸೇರಿ ಬೆಳೆಸುತ್ತಿರುವ ಮುಕ್ತ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ, ಹೆಸರು-ಫೋನ್ ನಂಬರ್ ಬರೆಸಬೇಕಿಲ್ಲ. ಮಕ್ಕಳಿಗೆ ಗೊತ್ತಿರುವ ಮೈನ್‌ಕ್ರಾಫ್ಟಿನ ಬಡ ದಾಯಾದಿ ಅನ್ನಬಹುದು. ತೆರೆಯ ಮೇಲೆ ಬಯಲೊಂದು ಕಾಣುತ್ತದೆ. ಅಲ್ಲಿರುವುದೆಲ್ಲ ಚೌಕ ಚೌಕ ಬ್ಲಾಕು: ಮಣ್ಣು, ಕಲ್ಲು, ಮರಳು, ಮರ, ನೀರು. ಒಂದೊಂದು ಬ್ಲಾಕು ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರ. ಅಗೆಯಬಹುದು, ಪೇರಿಸಬಹುದು. ಕೊಲ್ಲುವುದು, ಗೆಲ್ಲುವುದು ನಾವು ಹಾಕಿಕೊಂಡ ಲೋಕದಲ್ಲಿಲ್ಲ. ಏಳು ಯಂತ್ರಗಳನ್ನು ತಂತಿಯಿಂದ ಒಂದಕ್ಕೊಂದು ಜೋಡಿಸಿದ್ದೇವೆ. ಹೊರಗಿನ ಇಂಟರ್‌ನೆಟ್ಟಿನ ತಂತಿ ಆ ಹೊತ್ತಿಗೆ ನನ್ನ ಮೇಜಿನ ಡ್ರಾಯರಿನಲ್ಲಿರುತ್ತದೆ. ಒಂದು ಯಂತ್ರಕ್ಕೆ ಮೂವರು ಮಕ್ಕಳು.

ಅವರಿಗೆ ಕೊಟ್ಟ ಕೆಲಸ ಒಂದೇ: ನಮ್ಮೂರ ಕೆರೆ ಕಟ್ಟಿ.

ಕೆರೆಯೆಂದರೆ ಗುಂಡಿ ತೋಡಿ ನೀರು ತುಂಬುವುದು ಎಂದುಕೊಂಡಿದ್ದರು. ಹತ್ತು ನಿಮಿಷದಲ್ಲಿ ಏಳು ಗುಂಪೂ ಏಳು ಈಜುಕೊಳ ಮಾಡಿ ಕೈ ಕಟ್ಟಿ ಕೂತವು. “ಏರಿ ಎಲ್ಲಿ? ತೂಬು ಎಲ್ಲಿ? ಕೋಡಿ ಬಿದ್ದರೆ ನೀರು ಎಲ್ಲಿಗೆ ಹೋಗಬೇಕು?” ಎಂದು ಕೇಳಿದೆ. ಯಾರಿಗೂ ಗೊತ್ತಿಲ್ಲ. ತಪ್ಪು ಅವರದಲ್ಲ. ಈ ಮಕ್ಕಳು ಹುಟ್ಟಿ ಬುದ್ಧಿ ಬರುವ ಹೊತ್ತಿಗೆ ನಮ್ಮ ಕೆರೆಯೆಂದರೆ ಬಳ್ಳಾರಿ ಜಾಲಿಯ ಕಾಡು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮ ಕೋಲಾರ. ಅದಕ್ಕೇ ಹಿರಿಯರು ಎರಡು ಸಾವಿರಕ್ಕೂ ಹೆಚ್ಚು ಕೆರೆ ಕಟ್ಟಿದರು. ಅವನ್ನು ನೋಡಿಕೊಳ್ಳುವ ನೀರುಗಂಟಿಯ ಕೆಲಸ ನಿಂತುಹೋಗಿ ಒಂದು ತಲೆಮಾರೇ ಆಯಿತು.

ಹೀಗಾಗಿ ಕಂಪ್ಯೂಟರ್ ಆಫ್ ಮಾಡಿ ಎಲ್ಲರೂ ಕೆರೆಗೆ ನಡೆದೆವು. ಏರಿಯ ಉದ್ದವನ್ನು ಹೆಜ್ಜೆ ಹಾಕಿ ಅಳೆದರು. ನಾಲ್ವರು ಅಳೆದರೆ ನಾಲ್ಕು ಲೆಕ್ಕ ಬಂತು. ಅದರ ಮೇಲೊಂದು ಜಗಳ, ಜಗಳದ ಕೊನೆಗೆ ಸರಾಸರಿ ಎಂಬುದು ಯಾಕೆ ಬೇಕು ಎಂದು ಹಲಗೆಯ ಸಹಾಯವಿಲ್ಲದೆ ತಿಳಿಯಿತು. ತೂಬು ಮಾತ್ರ ಸಿಗಲಿಲ್ಲ. ಹೂಳಿನಲ್ಲಿ ಮುಚ್ಚಿಹೋಗಿತ್ತು. ಒಬ್ಬ ಹುಡುಗ ತನ್ನ ತಾತನನ್ನು ಕರೆದುಕೊಂಡು ಬಂದ. ಅವರು ಕೋಲೂರಿಕೊಂಡು ಏರಿಯ ಮೇಲೆ ಇಪ್ಪತ್ತು ಹೆಜ್ಜೆ ಹಿಂದೆ, ಹತ್ತು ಹೆಜ್ಜೆ ಮುಂದೆ ಓಡಾಡಿ, ಒಂದು ಕಡೆ ನಿಂತು ಕೋಲಿನಿಂದ ತೋರಿಸಿದರು. ಜಾಲಿ ಸವರಿ ನೋಡಿದರೆ ಎರಡು ಕಲ್ಲುಕಂಬದ ತಲೆ. ಅವರ ಮನೆಮಾತು ತೆಲುಗು. “ತೂಮು” ಅಂದರು. ಮಕ್ಕಳು ಪುಸ್ತಕದಲ್ಲಿ “ತೂಬು” ಎಂದು ಬರೆದುಕೊಂಡು, ಎರಡೂ ಒಂದೇ ಕಂಬದ ಹೆಸರೆಂದು ಕಂಡು ಖುಷಿಪಟ್ಟರು. ಆ ತಾತ ನಿಮ್ಮಲ್ಲೊಬ್ಬರ ತಂದೆ. ಅವರಿಗೆ ಈ ಪತ್ರ ಓದಿ ಹೇಳಿ. ಆ ದಿನದ ಪಾಠ ಮಾಡಿದವರು ಅವರು, ನಾನಲ್ಲ.

ಅದಾದ ಮೇಲೆ ಕಟ್ಟಿದ್ದು ಕೆರೆ. ಏರಿ, ಒಳಗಡೆ ಕಲ್ಲುಕಟ್ಟಡ, ತೂಬು, ಕೋಡಿ, ಕೆಳಗೆ ಅಚ್ಚುಕಟ್ಟು, ಮೇಲಿನಿಂದ ಬರುವ ರಾಜಕಾಲುವೆ. ಮೂರು ವಾರ ಹಿಡಿಯಿತು. ಕೊನೆಗೆ ತೂಬು ತೆಗೆಯುವ ದಿನ ಬಂತು. ಒಬ್ಬಳು ಬ್ಲಾಕು ತೆಗೆದಳು. ನೀರು ಕಾಲುವೆಗೆ ಇಳಿಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಹಾಜರಿ ಪುಸ್ತಕ ತುಂಬುತ್ತಾ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಅವಳೇ ಕರೆದಳು: “ಸಾರ್, ತೂಬು ತೆಗೆದು ಇಷ್ಟೊತ್ತಾಯ್ತು. ಕೆರೆ ನೀರು ಒಂದಿಂಚೂ ಇಳಿದಿಲ್ಲ.”

ಹೋಗಿ ನೋಡಿದೆ. ನಿಜ. ಈ ಲೋಕದ ನೀರಿನ ನಿಯಮವೇ ಬೇರೆ. ಎರಡು ನೀರಿನ ಬ್ಲಾಕುಗಳ ನಡುವೆ ಜಾಗ ಬಿಟ್ಟರೆ ಮೂರನೆಯದು ತಾನಾಗಿ ಹುಟ್ಟುತ್ತದೆ. ಬೊಗಸೆ ತೆಗೆದರೆ ಬೊಗಸೆ ತುಂಬಿಕೊಳ್ಳುತ್ತದೆ. ಎಷ್ಟು ಹರಿಸಿದರೂ ಮುಗಿಯುವುದಿಲ್ಲ. ಹರಿದ ನೀರೂ ಅಷ್ಟೆ, ಸಮತಟ್ಟು ನೆಲದಲ್ಲಿ ಏಳೆಂಟು ಬ್ಲಾಕು ಹೋಗಿ ಯಾರೋ ಗೆರೆ ಎಳೆದ ಹಾಗೆ ನಿಂತುಬಿಡುತ್ತದೆ. ಇದನ್ನು ಹೇಗೆ ವಿವರಿಸಲಿ ಎಂದು ನಾನು ತಡವರಿಸುತ್ತಿದ್ದಾಗ ಅವಳು ಅಂದಳು: “ಇದನ್ನ ಮಾಡಿದೋರು ಕೋಲಾರ ನೋಡಿಲ್ಲ ಬಿಡಿ ಸಾರ್.”

ಸಾವಿರ ಅಡಿ ಕೊರೆದರೂ ಧೂಳು ಹಾರುವ ಬೋರ್‌ವೆಲ್ ನೋಡಿ ಬೆಳೆದ ಮಗು ಅದು. ಅವಳ ಅಪ್ಪ ಎರಡು ಬೋರು ಕೊರೆಸಿ ಸಾಲ ಮಾಡಿಕೊಂಡವರು. ಮುಗಿಯದ ನೀರನ್ನು ಕಂಡು ಅವಳಿಗೆ ಸಂತೋಷವಾಗಲಿಲ್ಲ, ಅನುಮಾನ ಬಂತು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ವಿಜ್ಞಾನ ಅಷ್ಟು ಚೆನ್ನಾಗಿ ನನ್ನ ತರಗತಿಗೆ ಬಂದದ್ದು ಕಡಿಮೆ.

ಅವತ್ತೇ ಗೋಡೆಗೆ ಒಂದು ಡ್ರಾಯಿಂಗ್ ಶೀಟು ಅಂಟಿಸಿದೆವು. ತಲೆಬರಹ ‘ಸುಳ್ಳಿನ ಪಟ್ಟಿ’. ಈ ಕಂಪ್ಯೂಟರ್ ಲೋಕ ಎಲ್ಲೆಲ್ಲಿ ಸುಳ್ಳು ಹೇಳುತ್ತದೆ ಎಂದು ಹಿಡಿದವರು ಅಲ್ಲಿ ಬರೆಯಬೇಕು. ಬುಡ ಕಡಿದರೂ ಮರ ಗಾಳಿಯಲ್ಲೇ ನಿಲ್ಲುತ್ತದೆ. ಮರಳು ಬೀಳುತ್ತದೆ, ಕಲ್ಲು ಬೀಳುವುದಿಲ್ಲ. ಬಿಸಿಲಿಗೆ ನೀರು ಆವಿಯಾಗುವುದಿಲ್ಲ. ಹೂಳು ತುಂಬುವುದಿಲ್ಲ. ನೀಲಗಿರಿ ತೋಪಿಲ್ಲ. ಸೊಳ್ಳೆಯಿಲ್ಲ. ವರ್ಷ ಮುಗಿಯುವ ಹೊತ್ತಿಗೆ ಇಪ್ಪತ್ತಮೂರು ಸುಳ್ಳುಗಳಾದವು. ಹತ್ತೊಂಬತ್ತನೆಯದನ್ನು ಬರೆದವರು ಹೆಸರು ಹಾಕಿರಲಿಲ್ಲ: “ಇಲ್ಲಿ ಯಾರು ಬೇಕಾದರೂ ಯಾವ ಕಡೆಯಿಂದ ಬೇಕಾದರೂ ನೀರು ಮುಟ್ಟಬಹುದು. ನಮ್ಮಜ್ಜಿ ಹೇಳಿದ ಕೆರೆ ಹೀಗಿರಲಿಲ್ಲ.” ಅದನ್ನು ಓದಿ ತರಗತಿ ಸುಮ್ಮನಾಯಿತು. ನಾನೂ ಏನೂ ಸೇರಿಸಲಿಲ್ಲ. ಆ ಶೀಟು ಇನ್ನೂ ಗೋಡೆಯ ಮೇಲಿದೆ, ಬಂದಾಗ ನೋಡಿ.

ವರ್ಚುವಲ್ ಎಂಬುದಕ್ಕೆ ನಮ್ಮ ಪಠ್ಯಪುಸ್ತಕಗಳು ‘ಮಿಥ್ಯ’ ಎಂಬ ಪದ ಇಟ್ಟಿವೆ. ಮಿಥ್ಯವೆಂದರೆ ಮೋಸ ಎಂದೇ ಕಿವಿಗೆ ಕೇಳುತ್ತದೆ, ಹೆತ್ತವರು ಬೆಚ್ಚುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಕನ್ನಡಿಯ ಪಾಠವನ್ನು ನಿಮ್ಮ ಮಕ್ಕಳನ್ನೇ ಕೇಳಿ ನೋಡಿ. ಬಸ್ಸಿನ ಡ್ರೈವರು ಪಕ್ಕದ ಉಬ್ಬುಕನ್ನಡಿಯಲ್ಲಿ ಕಾಣುವ ಲಾರಿ ಮಿಥ್ಯ ಪ್ರತಿಬಿಂಬ. ಲಾರಿ ಅಲ್ಲಿಲ್ಲ, ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ, ದೂರವೂ ತಪ್ಪು. ಆದರೂ ಐವತ್ತು ಜನರ ಪ್ರಾಣ ಆ ಮಿಥ್ಯವನ್ನು ನಂಬಿಕೊಂಡು ಮಾಲೂರು ದಾಟುತ್ತದೆ. ಕನ್ನಡಿ ಎಷ್ಟು ಸುಳ್ಳು ಹೇಳುತ್ತದೆಂಬ ಅಂದಾಜು ಡ್ರೈವರಿಗೆ ಇರುವುದರಿಂದ ಅದು ಕೆಲಸಕ್ಕೆ ಬರುತ್ತದೆ. ಸುಳ್ಳಿನ ಪಟ್ಟಿಯ ಉದ್ದೇಶವೂ ಇಷ್ಟೇ.

ಇನ್ನು ಇಂಥ ಲೋಕ ಕಟ್ಟುವುದು ನಮಗೇನು ಹೊಸದೇ? ದಸರೆಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಮಕ್ಕಳು ತಟ್ಟೆಯಲ್ಲಿ ಮರಳು ಹರಡಿ, ರಾಗಿ ಚೆಲ್ಲಿ ಮೊಳಕೆ ಬರಿಸಿ ಹುಲ್ಲುಗಾವಲು ಮಾಡುತ್ತಾರೆ, ಒಡೆದ ಕನ್ನಡಿಯ ತುಂಡಿಟ್ಟು ಕೆರೆ ಮಾಡುತ್ತಾರೆ. ನಾನೂ ಮಾಡಿದ್ದೇನೆ. ರಾಗಿಗೆ ಎಷ್ಟು ನೀರು ಚಿಮುಕಿಸಿದರೆ ಕೊಳೆಯುವುದಿಲ್ಲ, ಹಬ್ಬಕ್ಕೆ ಎಷ್ಟು ದಿನ ಮುಂಚೆ ಬಿತ್ತಬೇಕು ಎಂಬ ಲೆಕ್ಕ ನನಗೆ ಬಂದದ್ದು ಅಲ್ಲಿಂದ, ಕೃಷಿಯ ಪುಸ್ತಕದಿಂದಲ್ಲ.

ಹೊರದೇಶದ ಒಂದು ಉದಾಹರಣೆ ಹೇಳುತ್ತೇನೆ, ಅದು ನಮ್ಮ ಕೆರೆಗೇ ಬಂದು ಸೇರುತ್ತದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಶಿಕ್ಷಣ ಶಾಲೆಯಲ್ಲಿ ಕ್ರಿಸ್ ಡೀಡ್ ಮತ್ತವರ ಸಂಗಡಿಗರು ಮೊದಲು ‘ರಿವರ್ ಸಿಟಿ’ ಎಂಬ ಕಂಪ್ಯೂಟರ್ ಊರು ಕಟ್ಟಿದರು. ಹತ್ತೊಂಬತ್ತನೇ ಶತಮಾನದ ಊರು, ಜನ ಕಾಯಿಲೆ ಬೀಳುತ್ತಿದ್ದಾರೆ, ಕಾರಣ ನೀರೋ ಗಾಳಿಯೋ ಸೊಳ್ಳೆಯೋ ಎಂದು ಮಕ್ಕಳು ಪತ್ತೆ ಮಾಡಬೇಕು. ಅನಂತರ ಬಂದದ್ದು ‘ಇಕೋಮ್ಯೂವ್’. ಅದರಲ್ಲೊಂದು ಕೊಳ. ಮಕ್ಕಳು ಅದರ ಸುತ್ತ ತಿರುಗುತ್ತಾರೆ, ಬೇರೆಬೇರೆ ದಿನಗಳಿಗೆ ಹೋಗಿ ನೀರಿನ ಪರೀಕ್ಷೆ ಮಾಡುತ್ತಾರೆ. ಒಂದು ದಿನ ನೋಡಿದರೆ ದೊಡ್ಡ ಮೀನುಗಳೆಲ್ಲ ಸತ್ತು ದಡಕ್ಕೆ ಬಂದಿವೆ. ಕೊಂದವರು ಯಾರು? ನಾಲ್ವರ ಗುಂಪಿನಲ್ಲಿ ಒಬ್ಬರು ನೀರಿನ ರಸಾಯನ ನೋಡುತ್ತಾರೆ, ಒಬ್ಬರು ಪ್ರಾಣಿಗಳನ್ನು ಎಣಿಸುತ್ತಾರೆ, ಒಬ್ಬರು ಸೂಕ್ಷ್ಮಜೀವಿ, ಮತ್ತೊಬ್ಬರು ಊರವರನ್ನು ವಿಚಾರಿಸುತ್ತಾರೆ. ಯಾರೊಬ್ಬರ ಬಳಿಯೂ ಪೂರ್ತಿ ಉತ್ತರವಿಲ್ಲ, ಕೂಡಿಸಿದರೆ ಮಾತ್ರ ಸಿಗುತ್ತದೆ. ಮೇಲಿನ ಬಡಾವಣೆಯ ಗೊಬ್ಬರ ಮಳೆಗೆ ತೊಳೆದು ಬಂದು ಪಾಚಿ ಹಬ್ಬಿತು. ಪಾಚಿ ಸತ್ತು ಕೊಳೆಯುವಾಗ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ್ದ ಆಮ್ಲಜನಕವನ್ನು ಮುಗಿಸಿದವು. ಮೀನು ಉಸಿರುಗಟ್ಟಿ ಸತ್ತವು. ಕಂಡದ್ದು ಒಂದು ಬೆಳಿಗ್ಗೆ, ಆದದ್ದು ತಿಂಗಳುಗಟ್ಟಲೆ. ಹೀಗೆ ನಿಧಾನವಾಗಿ ಆಗುವುದನ್ನು ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಸೀಮೆಸುಣ್ಣದಿಂದ ತೋರಿಸಲು ನನಗೆ ಬರುವುದಿಲ್ಲ. ಬರುತ್ತದೆಂದು ಹೇಳುವ ಮೇಷ್ಟರು ಇದ್ದರೆ ಅವರ ಕಾಲಿಗೆ ಬೀಳುತ್ತೇನೆ.

2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬೆಳ್ಳಂದೂರು ಕೆರೆಯ ನೊರೆ, ಬೆಂಕಿ ಯಾರೂ ಮರೆತಿಲ್ಲ. ಈಗ ನಮ್ಮ ಸರದಿ. 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿರುವುದು ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು. ಕೆ.ಸಿ. ವ್ಯಾಲಿ ಎಂದು ನಾವೆಲ್ಲ ಕರೆಯುವ ಅದು ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಪಂಪು ಮಾಡಿದ್ದು. ಮೊದಲ ವರ್ಷವೇ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಎದ್ದು ನೀರು ನಿಲ್ಲಿಸಿದ್ದು, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟುಗಳನ್ನು ಹತ್ತಿಳಿದದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬೋರ್‌ವೆಲ್ಲಿನಲ್ಲಿ ನೀರು ಮೇಲೆ ಬಂತು ಅನ್ನುವವರೂ ನೀವೇ, ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು ಅನ್ನುವವರೂ ನೀವೇ. ಇಬ್ಬರ ಮಾತನ್ನೂ ತೂಗಿ ನೋಡಬಲ್ಲ ಮಕ್ಕಳು ನಮ್ಮಲ್ಲಿ ಬೇಡವೇ?

ಹಾರ್ವರ್ಡಿನ ತಂತ್ರಾಂಶವನ್ನು ನಾವು ಬಳಸಿಲ್ಲ. ಅದು ಇಂಗ್ಲಿಷಿನದು, ಅವರ ಕೊಳದ್ದು. ಅದರ ವಿಧಾನವನ್ನಷ್ಟೇ ಕದ್ದೆವು. ಒಂದು ಲೆಕ್ಕ ಹೇಳುತ್ತೇನೆ. ಕೆ.ಸಿ. ವ್ಯಾಲಿಯಿಂದ ದಿನಕ್ಕೆ 44 ಕೋಟಿ ಲೀಟರ್ ತರುವುದೆಂಬುದು ಯೋಜನೆ. 44 ಕೋಟಿ ಎಂದರೆ ನನಗೂ ತಲೆಗೆ ಹತ್ತುವುದಿಲ್ಲ. ಒಂದು ಬ್ಲಾಕಿನಲ್ಲಿ ಸಾವಿರ ಲೀಟರ್ ಹಿಡಿಯುತ್ತದೆ, ಹಾಗಾದರೆ 4,40,000 ಬ್ಲಾಕು. ಅಷ್ಟನ್ನು ಒಂದೇ ಘನವಾಗಿ ಪೇರಿಸಿದರೆ ಬದಿ ಎಷ್ಟು? ಘನಮೂಲದ ಪಾಠ ಎಂಟನೇ ತರಗತಿಯಲ್ಲೇ ಇದೆ. ಎಪ್ಪತ್ತರಿಂದ ಶುರುಮಾಡಿ ಏರುತ್ತಾ ಹೋಗಿ 76ಕ್ಕೆ ಬಂದು ನಿಂತರು. ಬಯಲಿನಲ್ಲಿ 76 ಬ್ಲಾಕು ಎತ್ತರದ ನೀಲಿ ಗೋಡೆಗಳ ಒಂದು ಪೆಟ್ಟಿಗೆ ಎಬ್ಬಿಸಿದರು, ಹಳೇ ಕಂಪ್ಯೂಟರು ಏದುಸಿರು ಬಿಟ್ಟಿತು. ಅದರ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದ ಒಬ್ಬ ಹುಡುಗ, “ಇಷ್ಟು ನೀರನ್ನ ಬೆಂಗಳೂರು ಒಂದೇ ದಿನಕ್ಕೆ ಕೊಳೆ ಮಾಡುತ್ತಾ ಸಾರ್?” ಅಂದ. ಅಲ್ಲ ಕಣೋ, ಇದಕ್ಕಿಂತ ಜಾಸ್ತಿ, ಇದು ನಮ್ಮ ಪಾಲು ಅಷ್ಟೇ ಅಂದೆ.

ಮರುವಾರ ಕೆರೆಗೆ ಹೋದಾಗ ಸ್ಟೀಲಿನ ಮುಚ್ಚಳಕ್ಕೆ ಕಪ್ಪು-ಬಿಳಿ ಬಣ್ಣ ಬಳಿದು ದಾರಕ್ಕೆ ಕಟ್ಟಿ ಒಯ್ದೆವು. ಕೆರೆಯಲ್ಲಿ ಈಗ ನಿಂತಿರುವ ನೀರಿಗೆ ಇಳಿಬಿಟ್ಟು, ಎಷ್ಟು ಆಳಕ್ಕೆ ಕಣ್ಣಿಗೆ ಮರೆಯಾಗುತ್ತದೆಂದು ಅಳೆಯುವುದು. ಪಾಚಿ ಹೆಚ್ಚಾದಷ್ಟೂ ಬೇಗ ಮರೆಯಾಗುತ್ತದೆ. ಈಗ ಹದಿನೈದು ದಿನಕ್ಕೊಮ್ಮೆ ಅಳೆದು ಬರೆದಿಡುತ್ತಿದ್ದಾರೆ. ಎರಡು ವರ್ಷದ ಲೆಕ್ಕ ಆ ಪುಸ್ತಕದಲ್ಲಿದೆ. ಯಾವ ಇಲಾಖೆಯೂ ಕೇಳಿಲ್ಲ, ಕೇಳಿದರೆ ಕೊಡುತ್ತೇವೆ.

ಎಲ್ಲವೂ ಹೀಗೇ ಚೆನ್ನಾಗಿ ನಡೆಯಿತೆಂದು ತಿಳಿಯಬೇಡಿ. ಒಂದು ಸೋಮವಾರ ಬಂದು ನೋಡಿದರೆ ಏರಿ ಒಡೆದು ಹೋಗಿತ್ತು. ಯಾವನೋ ಸಿಡಿಮದ್ದಿನ ಬ್ಲಾಕು ಇಟ್ಟು ಉಡಾಯಿಸಿದ್ದ. ಮೂರು ವಾರದ ಕೆಲಸ. ಹುಡುಗಿಯರಿಬ್ಬರು ಅತ್ತರು. ನನಗೂ ಕೋಪ ನೆತ್ತಿಗೇರಿತು. ಆಮೇಲೆ ಡೆನ್ಮಾರ್ಕಿನ ಕತೆ ನೆನಪಾಗಿ ಸಮಾಧಾನವಾಯಿತು. 2014ರಲ್ಲಿ ಅಲ್ಲಿನ ಸರ್ಕಾರಿ ಭೂಮಾಪನ ಇಲಾಖೆ ಇಡೀ ದೇಶವನ್ನು ಮನೆ, ರಸ್ತೆ ಸಮೇತ ಮೈನ್‌ಕ್ರಾಫ್ಟಿನಲ್ಲಿ ಕಟ್ಟಿ ಶಾಲೆಗಳಿಗೆಂದು ತೆರೆದಿಟ್ಟಿತು. ಸಿಡಿಮದ್ದಿಗೆ ಬೀಗ ಹಾಕಿದ್ದರು, ಸಿಡಿಮದ್ದು ತುಂಬಿದ ಗಾಡಿಗೆ ಬೀಗ ಹಾಕುವುದು ಮರೆತಿದ್ದರು. ಕಿಡಿಗೇಡಿಗಳು ಅದರಿಂದಲೇ ಊರಿನ ಭಾಗಗಳನ್ನು ಉಡಾಯಿಸಿ ಅಮೆರಿಕದ ಬಾವುಟ ನೆಟ್ಟು ಹೋದರು. ಒಂದು ದೇಶದ ಸರ್ಕಾರಕ್ಕೇ ಹೀಗಾದರೆ ನನ್ನದೇನು? ಉಡಾಯಿಸಿದವನು ಸಂಜೆ ತಾನೇ ಬಂದು ಒಪ್ಪಿಕೊಂಡ. ಶಿಕ್ಷೆಯೆಂದು ಅವನಿಗೆ ಕೊಟ್ಟದ್ದು ಏರಿ ಒಡೆದರೆ ನೀರು ಮೊದಲು ಯಾರ ಮನೆ, ಯಾರ ಗದ್ದೆಗೆ ನುಗ್ಗುತ್ತದೆಂದು ನಿಜವಾದ ಏರಿಯ ಕೆಳಗೆ ನಡೆದು ನಕ್ಷೆ ಮಾಡುವ ಕೆಲಸ. ಆ ನಕ್ಷೆಯಲ್ಲಿ ಮೊದಲ ಮನೆ ಅವನ ಸೋದರತ್ತೆಯದು.

ಸರಿಮಾಡಲಾಗದ ಕೊರತೆಗಳೂ ಇವೆ. ಮೂವರಿಗೆ ಒಂದು ಮೌಸ್ ಕೊಟ್ಟರೆ ಅದು ಹುಡುಗನ ಕೈಯಲ್ಲಿರುತ್ತದೆ, ಹುಡುಗಿಯರು ಹಿಂದೆ ನಿಂತು ನೋಡುತ್ತಾರೆ. ಗಂಟೆ ಹೊಡೆದು ಕೈ ಬದಲಿಸುವ ನಿಯಮ ಮಾಡಿದ ಮೇಲೆ ಸ್ವಲ್ಪ ಸುಧಾರಿಸಿತು, ಪೂರ್ತಿ ಅಲ್ಲ. ನಾಲ್ಕೈದು ಮಕ್ಕಳಿಗೆ ಈ ಚೌಕದ ಲೋಕ ಹಿಡಿಸಲೇ ಇಲ್ಲ, ಕೆರೆಯ ದಡವೇ ಸಾಕೆಂದರು. ಅವರನ್ನು ದಡದಲ್ಲೇ ಬಿಟ್ಟೆ. ಪೋರ್ಷನ್ನು ಹಿಂದೆ ಬಿತ್ತು, ಮುಖ್ಯೋಪಾಧ್ಯಾಯರಿಂದ ಬೈಸಿಕೊಂಡೆ, ಭಾನುವಾರ ಸ್ಪೆಷಲ್ ಕ್ಲಾಸು ಮಾಡಿ ತೀರಿಸಿದೆ. ಇದರಿಂದ ಎಸ್‌ಎಸ್‌ಎಲ್‌ಸಿಯಲ್ಲಿ ಅಂಕ ಏರುತ್ತದೆಂದು ನಾನು ಹೇಳಲಾರೆ.

ಈಗ ತಲೆಗೆ ಹಾಕಿಕೊಳ್ಳುವ ಪೆಟ್ಟಿಗೆಯ ವಿಷಯ. ಖಾಸಗಿ ಶಾಲೆಗಳ ಫ್ಲೆಕ್ಸುಗಳಲ್ಲಿ ವಿ.ಆರ್. ಹೆಡ್‌ಸೆಟ್ ಹಾಕಿಕೊಂಡು ಬಾಯಿ ತೆರೆದ ಮಕ್ಕಳ ಫೋಟೋ ನೋಡಿ, ನಮ್ಮಲ್ಲಿ ಯಾಕಿಲ್ಲ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ನಮ್ಮಲ್ಲೂ ಒಮ್ಮೆ ಬಂದಿತ್ತು. ಕಂಪನಿಯೊಂದರ ವ್ಯಾನು ಬೆಳಿಗ್ಗೆ ಬಂತು, ಪ್ರತಿ ಮಗುವಿಗೂ ನಾಲ್ಕು ನಿಮಿಷ ಪೆಟ್ಟಿಗೆ ತೊಡಿಸಿತು, ಡೈನೋಸಾರ್ ತೋರಿಸಿತು, ಬ್ಯಾನರಿನ ಮುಂದೆ ಫೋಟೋ ಹೊಡೆಸಿಕೊಂಡು ಮಧ್ಯಾಹ್ನದ ಬಿಸಿಯೂಟಕ್ಕೆ ಮುಂಚೆ ಹೊರಟುಹೋಯಿತು. ಏನು ನೋಡಿದಿರಿ ಎಂದು ಮಕ್ಕಳನ್ನು ಕೇಳಿದೆ. “ಮೈಮೇಲೆ ಬಂತು ಸಾರ್.” ಆಮೇಲೆ? “ತಲೆ ಸುತ್ತಿತು ಸಾರ್.” ಅಷ್ಟೇ.

ಇದು ನನ್ನೊಬ್ಬನ ಗೊಣಗಾಟವಲ್ಲ. ಡೆನ್ಮಾರ್ಕಿನ ಗೀಡೊ ಮಕ್ರಾನ್ಸ್ಕಿ ಮತ್ತವರ ಸಂಗಡಿಗರು ಒಂದೇ ವಿಜ್ಞಾನ ಪ್ರಯೋಗಶಾಲೆಯನ್ನು ಮೇಜಿನ ಕಂಪ್ಯೂಟರಿನಲ್ಲೂ ಹೆಡ್‌ಸೆಟ್ಟಿನಲ್ಲೂ ವಿದ್ಯಾರ್ಥಿಗಳಿಗೆ ತೋರಿಸಿ ಹೋಲಿಸಿದರು, 2019ರಲ್ಲಿ ಪ್ರಕಟಿಸಿದರು. ಹೆಡ್‌ಸೆಟ್ಟಿನಲ್ಲಿ ‘ನಾನು ಅಲ್ಲೇ ಇದ್ದೆ’ ಎಂಬ ಅನುಭವ ಹೆಚ್ಚು, ಕಲಿತದ್ದು ಕಡಿಮೆ. ಅವು ಯಾವತ್ತೂ ಬೇಡವೆಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಊರಿನ ಹಳೇ ವಿದ್ಯಾರ್ಥಿಗಳು ಶಾಲೆಗೆ ಏನಾದರೂ ಕೊಡಿಸುತ್ತೇವೆಂದು ಬಂದರೆ ದಯಮಾಡಿ ಪೆಟ್ಟಿಗೆ ಕೇಳಬೇಡಿ. ಸತ್ತ ಮೂರು ಕಂಪ್ಯೂಟರು ರಿಪೇರಿ ಮಾಡಿಸಿಕೊಡಿ, ಒಂದು ಯುಪಿಎಸ್ ಕೊಡಿಸಿ. ಏರಿ ಅರ್ಧ ಕಟ್ಟಿದಾಗ ಕರೆಂಟು ಹೋಗುವುದು ಸುಳ್ಳಿನ ಪಟ್ಟಿಯಲ್ಲಿಲ್ಲದ ನಿಜ.

ಕಂಪನಿಗಳ ವಿಷಯದಲ್ಲಿ ಇನ್ನೊಂದು ಎಚ್ಚರ. 2003ರಲ್ಲಿ ಶುರುವಾದ ಸೆಕೆಂಡ್ ಲೈಫ್ ಎಂಬ ಲೋಕದಲ್ಲಿ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ದುಡ್ಡು ಕೊಟ್ಟು ಜಾಗ ಹಿಡಿದು ತರಗತಿ ಕಟ್ಟಿದ್ದವು. 2010ರಲ್ಲಿ ಕಂಪನಿ ಶಿಕ್ಷಣಕ್ಕಿದ್ದ ಅರ್ಧದರದ ರಿಯಾಯಿತಿಯನ್ನು ನಿಲ್ಲಿಸುವುದಾಗಿ ಹೇಳಿತು. ಎಷ್ಟೋ ಮಂದಿ ಕಟ್ಟಿದ್ದನ್ನು ಬಿಟ್ಟು ಎದ್ದು ಬಂದರು. ರಟ್ಟಿನ ಕನ್ನಡಕದಲ್ಲಿ ಮಕ್ಕಳಿಗೆ ಜಗತ್ತು ತೋರಿಸುತ್ತಿದ್ದ ಗೂಗಲ್ ಎಕ್ಸ್‌ಪೆಡಿಷನ್ಸ್ 2021ರಲ್ಲಿ ಬಾಗಿಲು ಹಾಕಿತು. ಬಾಡಿಗೆ ಜಾಗದಲ್ಲಿ ಕಟ್ಟಿದ ಶಾಲೆಯ ಪಾಡು ಇದೇ. ಹಾಗಾಗಿ ನಿಮ್ಮ ಮಗುವಿನ ಶಾಲೆ, ಸರ್ಕಾರಿಯೋ ಖಾಸಗಿಯೋ, ಇಂಥದ್ದೇನಾದರೂ ತಂದರೆ ಸುಮ್ಮನೆ ಫೀಸು ಕಟ್ಟಬೇಡಿ. ಕಂಪನಿ ನಾಳೆ ಇಲ್ಲವಾದರೆ ಮಕ್ಕಳು ಮಾಡಿದ್ದು ಎಲ್ಲಿ ಉಳಿಯುತ್ತದೆ ಎಂದು ಕೇಳಿ. ಹೊರಗಿನ ಅಪರಿಚಿತರು ಒಳಗೆ ಬಂದು ಮಾತಾಡಲು ಆಗುತ್ತದೆಯೇ ಎಂದು ಕೇಳಿ. ಮಗುವಿನ ಹೆಸರು, ಹುಟ್ಟಿದ ದಿನ, ಮುಖದ ಫೋಟೋ ಯಾರ ಕೈ ಸೇರುತ್ತವೆ ಎಂದು ಕೇಳಿ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಹದಿನೆಂಟು ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ, ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಆ ಹೊತ್ತಿನಲ್ಲಿ ಮೇಷ್ಟರು ಎಲ್ಲಿರುತ್ತಾರೆ ಎಂದೂ ಕೇಳಿ. ಮಕ್ಕಳ ಬೆನ್ನ ಹಿಂದೆ ನಿಂತಿರುತ್ತಾರೋ, ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಿರುತ್ತಾರೋ? ಈ ಪ್ರಶ್ನೆಗಳನ್ನು ನನಗೂ ಕೇಳಿ. ಬೇಜಾರು ಮಾಡಿಕೊಳ್ಳುವುದಿಲ್ಲ.

ನನ್ನ ಕಡೆಯಿಂದ ಕೇಳುವುದು ಇಷ್ಟು. ‘ಸ್ಕೂಲಲ್ಲಿ ಬೇಕಂತೆ’ ಎಂದು ಮಗ ಹೇಳಿದರೆ ಹೊಸ ಮೊಬೈಲು ಕೊಡಿಸಬೇಡಿ, ನಾನು ಹೇಳಿಲ್ಲ. ಕೆರೆಗೆ ಹೋಗುವ ದಿನದ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಕಳಿಸಿ, ಹೆಣ್ಣುಮಕ್ಕಳದಕ್ಕೂ. ಹೋದ ಸಲ ಗಂಡುಮಕ್ಕಳ ಚೀಟಿ ಎಲ್ಲವೂ ಬಂದವು, ಹೆಣ್ಣುಮಕ್ಕಳದು ಆರು ಬರಲೇ ಇಲ್ಲ. ತೂಬು ತೆಗೆದು, ನೀರು ಇಳಿಯಲಿಲ್ಲವೆಂದು ಕಂಡುಹಿಡಿದವಳ ಚೀಟಿಯೂ ಆ ಆರರಲ್ಲಿತ್ತು. ಕೆರೆಯ ದಾರಿಯ ಬಗ್ಗೆ ಭಯವಿದ್ದರೆ ನೀವೂ ಜೊತೆಗೆ ಬನ್ನಿ, ಇಬ್ಬರು ತಾಯಂದಿರು ಬಂದರೆ ನನಗೂ ಧೈರ್ಯ. ಸಂಜೆ ಮಗು ಕೆರೆಯ ಬಗ್ಗೆ ಏನಾದರೂ ಕೇಳಿದರೆ ಟಿವಿಯ ಸದ್ದು ತಗ್ಗಿಸಿ ಹೇಳಿ: ಯಾವ ವರ್ಷ ಕೋಡಿ ಬಿದ್ದಿತ್ತು, ಯಾರು ನೀರುಗಂಟಿಯಾಗಿದ್ದರು, ಯಾವ ಗದ್ದೆಗೆ ಮೊದಲು ನೀರು, ಯಾರಿಗೆ ಕೊನೆಗೆ, ಯಾಕೆ. ಹೇಳಲು ಮುಜುಗರವಾಗುವುದನ್ನೂ ಹೇಳಿ. ಮಕ್ಕಳು ಹೇಗೂ ಬರೆದುಕೊಳ್ಳುತ್ತಿದ್ದಾರೆ.

ಬರುವ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ, ಹನ್ನೊಂದೂವರೆಗೆ, ಕಂಪ್ಯೂಟರ್ ಕೊಠಡಿ ನಿಮಗಾಗಿ ತೆರೆದಿರುತ್ತದೆ. ಮೌಸ್ ಹಿಡಿಯಲು ಬಾರದವರು ಸಂಕೋಚ ಪಡಬೇಡಿ, ಹೇಳಿಕೊಡಲು ನಿಮ್ಮ ಮಕ್ಕಳೇ ಇರುತ್ತಾರೆ. ಏರಿಯ ತೆಂಕಣ ತುದಿಯಲ್ಲಿ ಇನ್ನೊಂದು ತೂಬು ಇತ್ತೆಂದು ಇಬ್ಬರು ಹೇಳುತ್ತಾರೆ, ಇರಲಿಲ್ಲವೆಂದು ಒಬ್ಬರು ವಾದಿಸುತ್ತಾರೆ. ಗೊತ್ತಿರುವವರು ಬಂದು ತೀರ್ಮಾನ ಮಾಡಿಕೊಡಿ, ಮಕ್ಕಳು ಆ ಜಾಗವನ್ನು ಖಾಲಿ ಬಿಟ್ಟುಕೊಂಡು ಕಾಯುತ್ತಿದ್ದಾರೆ.

ಇಂತಿ ನಿಮ್ಮ ವಿಶ್ವಾಸಿ,

ವಿಜ್ಞಾನ ಶಿಕ್ಷಕ,
ಸರ್ಕಾರಿ ಪ್ರೌಢಶಾಲೆ,
ಕೋಲಾರ ಜಿಲ್ಲೆ